ಕಾಂಪೌಂಡ್ ತರಲು ಹೋದವರು

ನನ್ನ ಸೊಸೆ ಕೇಕಿನ ಉಂಡಿ ಮಾಡಲು ಶುರುಮಾಡಿದ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ಹೋಯಿತು. ಅದಕ್ಕೆ ಅವಳು ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಾಳೆ. ಕಡ್ಡಿಗೆ ಚುಚ್ಚಿದರೆ ಒಂದು ಹೆಸರಂತೆ, ಚುಚ್ಚದೆ ಕಾಗದದ ಬಟ್ಟಲಲ್ಲಿ ಕೂರಿಸಿದರೆ ಇನ್ನೊಂದಂತೆ. ನಾನು ಎರಡಕ್ಕೂ ಉಂಡಿ ಅಂತಲೇ ಅನ್ನುತ್ತೇನೆ. ಕೇಕು ಬೇಯಿಸಿ, ಆರಿಸಿ, ಬೆರಳಲ್ಲಿ ಉದುರಿಸಿ, ಡಬ್ಬಿಯ ಗಟ್ಟಿ ಹಾಲು ಹಾಕಿ ಕಲಸಿ, ಅಂಗೈಯಲ್ಲಿ ದುಂಡಗೆ ಮಾಡಿ ಮೇಲೆ ಚಾಕೊಲೇಟ್ ಹಚ್ಚಿದರೆ ಅದು ಉಂಡಿಯಲ್ಲದೆ ಇನ್ನೇನು? ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಿ ಕಟ್ಟಿ ನನ್ನ ಕೈ ಸವೆದಿದೆ. ಹೆಸರು ಬದಲಾದ ಮಾತ್ರಕ್ಕೆ ನಾನು ಮೋಸ ಹೋಗುವವಳಲ್ಲ.

ಮನೆಯಲ್ಲಿ ನನಗೆ ಸಂಶಯದ ಪಿಶಾಚಿ ಎಂಬ ಹೆಸರಿದೆ. ಮಗನೂ ಹೇಳುತ್ತಾನೆ, ಮಗನ ಅಪ್ಪನೂ ಹೇಳುತ್ತಾರೆ. ಹೇಳಿಕೊಳ್ಳಲಿ. ಹಾಲಿನವನ ಹಾಲನ್ನು ನಾನು ಬೆರಳ ಮೇಲೆ ಹಾಕಿ ನೋಡುತ್ತೇನೆ, ಗ್ಯಾಸಿನ ಸಿಲಿಂಡರನ್ನು ಎತ್ತಿ ನೋಡುತ್ತೇನೆ, ಪಕ್ಕದ ಮನೆಯವರು ನಗುತ್ತಾ ಮಾತಾಡಿಸಿದರೆ ಏನು ಕೇಳಲು ಬಂದಿದ್ದಾರೆ ಎಂದು ಮೊದಲೇ ಯೋಚಿಸಿಟ್ಟುಕೊಳ್ಳುತ್ತೇನೆ. ನನ್ನ ತವರಿನಲ್ಲಿ ನಾನು ಹೀಗಿರಲಿಲ್ಲ. ಈ ಗುಣ ನನಗೆ ಹತ್ತಿದ್ದು ಹೈದರಾಬಾದಿಗೆ ಬಂದ ಮೇಲೆ, ಅದೂ ಒಂದೇ ಒಂದು ಮಾತಿನಿಂದ.

ಮದುವೆಯಾಗಿ ಲಿಂಗಸುಗೂರು ಕಡೆಯಿಂದ ಇಲ್ಲಿಗೆ ಬಂದಾಗ ನನಗೆ ತೆಲುಗಿನ ಗಂಧವೇ ಇರಲಿಲ್ಲ. ನಮ್ಮ ಯಜಮಾನರು ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಪಾಳಿ ಮುಗಿದು ಎಷ್ಟೋ ಹೊತ್ತಾದರೂ ಮನೆಗೆ ಬರುತ್ತಿರಲಿಲ್ಲ. ಓಣಿಯಲ್ಲೇ ಇದ್ದ ಅವರ ಜೊತೆಗಾರನನ್ನು ಕೇಳಿದರೆ, "ಕಲ್ಲು ಕಾಂಪೌಂಡ್‌ಲೋ ಉನ್ನಾಡಮ್ಮಾ" ಎಂದು ಹೇಳಿ ಹೋಗುತ್ತಿದ್ದ. ಕಲ್ಲಿನ ಕಾಂಪೌಂಡಿನಲ್ಲಿ ಇದ್ದಾರೆ ಎಂದು ನಾನು ತಿಳಿದೆ. ಕಲ್ಲು ಅಂದರೆ ಕಲ್ಲು, ಕಾಂಪೌಂಡ್ ಅಂದರೆ ಗೋಡೆ. ಅವರು ಬಂದ ಮೇಲೆ, "ಎಲ್ಲೇರ ಕಲ್ಲಿನ ಕಾಂಪೌಂಡ್ ಕಟ್ಟಾಕತ್ತೀರೇನ್ರಿ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ನಕ್ಕು, "ಹೂಂ, ಕಟ್ಟಾಕತ್ತೀವಿ" ಎಂದರು.

ಪಾಪ, ಹಗಲೆಲ್ಲ ಕಾರ್ಖಾನೆ, ಸಂಜೆ ಗೋಡೆ ಕೆಲಸ ಎಂದು ನಾನು ಅವರಿಗೆ ಎರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದೆ. ಮೈಯಿಂದ ಬರುವ ಹುಳಿ ವಾಸನೆ ಬೆವರಿನದು ಅಂದುಕೊಂಡಿದ್ದೆ. ಊರಿಗೆ ಹೋದಾಗ ನಮ್ಮವ್ವನ ಮುಂದೆ, ಅಳಿಯ ಭಾಳ ಕಷ್ಟದ ಜೀವಿ ಅಂತ ಹೊಗಳಿಯೂ ಬಂದೆ. ಕೊನೆಗೆ ಕಾಯಿಪಲ್ಯ ಮಾರುವವಳೊಬ್ಬಳು, ನನ್ನ ಗಂಡ ಗೋಡೆ ಕಟ್ಟುತ್ತಾರೆಂಬ ಕಥೆ ಕೇಳಿ, ತಕ್ಕಡಿ ಕೆಳಗಿಟ್ಟು ನಕ್ಕಳು. ತೆಲುಗಿನಲ್ಲಿ ಕಲ್ಲು ಅಂದರೆ ಸಿಂದಿ, ಈಚಲ ಹೆಂಡ. ಕಲ್ಲು ಕಾಂಪೌಂಡ್ ಅಂದರೆ ಬೇಲಿ ಹಾಕಿ ಸಿಂದಿ ಮಾರುವ ಜಾಗ. ಈ ಊರಿನಲ್ಲಿ ಕಾಂಪೌಂಡಿಗೆ ಹೋದ ಎಂದಷ್ಟೇ ಹೇಳಿದರೂ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವಾಗದೆ ಇದ್ದವಳು ನಾನೊಬ್ಬಳೇ. ಅವತ್ತು ನನಗಾದ ಅವಮಾನ ಇವತ್ತಿಗೂ ಆರಿಲ್ಲ. ಕುಡಿದದ್ದಕ್ಕಿಂತ ಆ 'ಹೂಂ, ಕಟ್ಟಾಕತ್ತೀವಿ' ಎಂಬ ಮಾತು ನನ್ನ ಹೊಟ್ಟೆಗೆ ಕಿಚ್ಚಿಟ್ಟಿತು.

ಆಮೇಲೆ ವರ್ಷಗಟ್ಟಲೆ ಕುಡಿದರು. ಕಾಮಣಿಯಾಗಿ ಕಣ್ಣು ಹಳದಿ ತಿರುಗಿ, ಹೊಟ್ಟೆ ಊದಿ ದವಾಖಾನೆ ಸೇರಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ನಿಲ್ಲಿಸಿ, ಈ ಸಲ ಉಳಿಸಿಕೊಟ್ಟಿದ್ದೇನೆ, ಮತ್ತೆ ಒಂದು ಹನಿ ಒಳಗೆ ಹೋದರೆ ಇವರನ್ನು ನನ್ನ ಹತ್ತಿರ ತರಬೇಡಿ ಎಂದರು. ಮನೆಗೆ ಬಂದ ಮೇಲೆ ಇವರು ಮಗನ ತಲೆ ಮುಟ್ಟಿ ಆಣೆ ಮಾಡಿದರು, ಬಿಟ್ಟರು. ಬಿಟ್ಟವರು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ ಎಂದು ಊರೆಲ್ಲ ಹೇಳುತ್ತದೆ. ನಾನು ಮಾತ್ರ ಹಾಗೆ ಬಾಯಿಬಿಟ್ಟು ಹೇಳಿದವಳಲ್ಲ. ಮೈಯೆಲ್ಲ ಕಣ್ಣಾಗಿ ಬದುಕಿದ್ದೇನೆ.

ಈಗ ಸೊಸೆಯ ವಿಷಯಕ್ಕೆ ಬರುತ್ತೇನೆ. ಮಗ ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಲೆಕ್ಕ ಕಲಿಸುತ್ತಾನೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಸೊಸೆ ರಾಯಚೂರಿನವಳು, ಸುಮ್ಮನೆ ಕೂರುವ ಜೀವವಲ್ಲ. ಫೋನಿನಲ್ಲಿ ನೋಡಿ ನೋಡಿ ಕೇಕು ಕಲಿತಳು. ಸುತ್ತಲಿನ ಮನೆಗಳಿಂದ ಹುಟ್ಟುಹಬ್ಬಕ್ಕೆ ಕೇಳಲು ಶುರುಮಾಡಿದರು. ಒಂದು ದಿನ ನನ್ನ ಮುಂದೆ ಬಂದು ನಿಂತಳು.

"ಅತ್ತಿ, ತತ್ತಿ ಹಾಕದ ಮಾಡಿದ್ರ ಕೇಕ್ ಮೆತ್ತಗ ಬರವಲ್ದರಿ. ಮಂದಿ ತತ್ತೀದ ಕೇಳತಾರ್ರಿ."

ನಮ್ಮ ಮನೆಗೆ ತತ್ತಿ ಬಂದದ್ದಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ನಾನು ಒಲೆ ಹಚ್ಚುವುದಿಲ್ಲ. ಸಿಂದಿ ಕುಡಿದು ಬಂದವರನ್ನು ಒಳಗೆ ಬಿಟ್ಟುಕೊಂಡ ಮನೆಯಲ್ಲಿ ಕೋಳಿಯ ತತ್ತಿಗೆ ಬಾಗಿಲು ಮುಚ್ಚುವುದು ಎಂಥ ನ್ಯಾಯ ಎಂದು ನೀವು ಕೇಳಬಹುದು. ಕೇಳಿಕೊಳ್ಳಿ, ನನ್ನ ಮನೆಯ ನೇಮ ಅದು. ಆದರೂ ಹುಡುಗಿಯ ಆಸೆ ಮುರಿಯಲು ಮನಸ್ಸು ಬರಲಿಲ್ಲ.

"ಹಿತ್ತಲ ಖೋಲಿಯೊಳಗ ಮಾಡ್ಕೋ," ಎಂದೆ. "ಅಲ್ಲಿ ಪಾತ್ರಿ ಇಲ್ಲಿ ಬರಬಾರದು, ಇಲ್ಲಿ ಪಾತ್ರಿ ಅಲ್ಲಿ ಹೋಗಬಾರದು. ಅಲ್ಲಿಂದ ಒಳಗ ಬರೂವಾಗ ಕೈ ತೊಳಕೊಂಡು, ಬಾಯಿ ಮುಕ್ಕಳಿಸಿ ಬರಬೇಕು."

"ನೀವು ನೋಡಾಕೂ ಬರಂಗಿಲ್ಲೇನ್ರಿ?"

"ನಾ ಹೊಸ್ತಲಾ ದಾಟಂಗಿಲ್ಲ."

ಹಾಗೆ ಹಿತ್ತಲ ಕೋಣೆಯಿಂದ ಹಳೇ ಟ್ರಂಕು, ಮುರಿದ ಕುರ್ಚಿ ಹೊರಗೆ ಹೋಗಿ ಓವನ್ನು, ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜು, ಸಣ್ಣ ಗ್ಯಾಸ್ ಒಲೆ ಒಳಗೆ ಬಂದವು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ವಾಸನೆ ಕುಡಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಆ ವಾಸನೆ ಭಾಳ ಚೆನ್ನಾಗಿತ್ತು. ಆದರೆ ಅಲ್ಲಿ ಏನು ನಡೆಯುತ್ತದೆ, ಯಾವ ಸಾಮಾನಿಗೆ ಏನು ಹೆಸರು, ಯಾವುದೂ ನನಗೆ ತಿಳಿಯುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಗೋಡೆಯಾಚೆಯ ಅರ್ಧಂಬರ್ಧ ಮಾತು ಮಾತ್ರ.

ನಿವೃತ್ತರಾಗಿ ಟಿವಿ ಮುಂದೆ ತೂಕಡಿಸುತ್ತಿದ್ದ ಯಜಮಾನರು ಮೆಲ್ಲಗೆ ಆ ಕೋಣೆ ಸೇರಿಕೊಂಡರು. ಮೊದಮೊದಲು ಕಡ್ಡಿ ಎಣಿಸಿ ಕೊಡುವುದು, ಆಮೇಲೆ ಉಂಡಿ ಕಟ್ಟುವುದು, ಆಮೇಲೆ ಸಾಮಾನು ತರಲು ಹೋಗುವುದು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಈ ಮನುಷ್ಯ ನನ್ನ ಅಡುಗೆಮನೆಯಲ್ಲಿ ಒಂದು ದಿನ ಉಳ್ಳಾಗಡ್ಡಿ ಸುಲಿದು ಕೊಟ್ಟವರಲ್ಲ. ಹಿತ್ತಲ ಕೋಣೆಯಲ್ಲಿ ಇಷ್ಟು ಹುರುಪು ಎಲ್ಲಿಂದ ಬಂತು?

ಅಲ್ಲಿಂದ ಶುರುವಾಯಿತು ನನ್ನ ಲೆಕ್ಕಾಚಾರ. ಕೇಕಿನ ಸಾಮಾನಿನ ಅಂಗಡಿ ಮಾರ್ಕೆಟ್ಟಿನ ಹಿಂದೆಯೇ ಇದೆ, ನಡೆದು ಹೋಗಿ ಬರಲು ಅರ್ಧ ತಾಸು ಧಾರಾಳ. ಇವರು ಒಂದು ತಾಸು, ಒಂದೂವರೆ ತಾಸು ಮಾಡಿಕೊಂಡು, ಅಂಗಿ ಬೆನ್ನಿಗೆ ಅಂಟಿಸಿಕೊಂಡು ಬರುತ್ತಿದ್ದರು. ಮುಂಬಾಗಿಲಿನಿಂದ ಬರುವುದಿಲ್ಲ, ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ. ಸ್ವಲ್ಪ ಹೊತ್ತು ಬಿಟ್ಟು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುವ ಸದ್ದು. ಒಳಗೆ ಬಂದಾಗ ಬಾಯಲ್ಲಿ ಯಾಲಕ್ಕಿ. ಬಾಯಿ ಮುಕ್ಕಳಿಸಬೇಕೆಂದು ಹೇಳಿದವಳು ನಾನೇ, ಅದು ನೆನಪಿತ್ತು. ಯಾಲಕ್ಕಿ ತಿನ್ನಿ ಎಂದು ನಾನು ಹೇಳಿರಲಿಲ್ಲವಲ್ಲ. ಯಾಕೆಂದು ಕೇಳಿದರೆ, "ತತ್ತಿ ಕೇಕ್ ರುಚಿ ನೋಡಿದ್ದೆ. ವಾಸನಿ ಬಂದ್ರ ನೀ ಬೈತಿ ಅಂತ" ಎಂದರು. ಉತ್ತರ ಜಾಣತನದ್ದು. ಹಿಂದೆಯೂ ಜಾಣತನದ ಉತ್ತರವೇ ಕೊಟ್ಟಿದ್ದರು.

ಒಂದು ಮಧ್ಯಾಹ್ನ ಹಳೇ ಜೊತೆಗಾರನ ಫೋನ್ ಬಂತು. ಇವರು ಅಂಗಳದಲ್ಲಿ ನಿಂತು ತೆಲುಗಿನಲ್ಲಿ, "ಇಪ್ಪುಡು ಕಾದಪ್ಪಾ, ಕಾಂಪೌಂಡ್‌ಕಿ ಪೋವಾಲಿ" ಎಂದರು. ಈಗಲ್ಲಪ್ಪಾ, ಕಾಂಪೌಂಡಿಗೆ ಹೋಗಬೇಕು. ಹೇಳಿ, ನಕ್ಕರು.

ನನ್ನ ಕೈಯಲ್ಲಿದ್ದ ಮೊರ ಹಾಗೇ ಇಳಿಯಿತು. ನನಗೆ ಈಗ ತೆಲುಗು ಚೆನ್ನಾಗಿ ಬರುತ್ತದೆ, ಯಾರೂ ನನಗೆ ಕಲ್ಲಿನ ಗೋಡೆ ತೋರಿಸಿ ಮರುಳು ಮಾಡಲಾರರು. ಆ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ದವಾಖಾನೆಯ ಆ ಹಳದಿ ಕಣ್ಣುಗಳೇ ಎದುರಿಗೆ ಬರುತ್ತಿದ್ದವು. ಇಷ್ಟು ವರ್ಷ ಉಳಿಸಿಕೊಂಡು ಬಂದ ಮನುಷ್ಯನನ್ನು ಈ ವಯಸ್ಸಿನಲ್ಲಿ ಕಳಕೊಳ್ಳುತ್ತೇನೆ ಎಂದು ನನಗೆ ಖಾತ್ರಿಯಾಗಿಹೋಯಿತು.

ಮರುದಿನ ಕಿಟಕಿಗೆ ಕಿವಿ ಹಚ್ಚಿದೆ. ಸೊಸೆಯ ದನಿ.

"ಮಾವಾರ, ಕಾಂಪೌಂಡಿಗೆ ಹೋಗಿ ಬರ್ರಿ. ಬಿಳೇದು ಸಿಕ್ರ ಬಿಳೇದೂ ಇರಲಿ. ಬಿಸಲಾಗ ತಡಾ ಮಾಡಬ್ಯಾಡ್ರಿ, ಕೆಡತೈತಿ."

ಬಿಳೇದು. ಬಿಸಿಲಿಗೆ ಕೆಡುವಂಥದ್ದು. ಇನ್ನೇನು ಬೇಕು? ಸಿಂದಿ ಬೆಳ್ಳಗೇ ಇರುತ್ತದೆ, ಬಿಸಿಲೇರಿದಷ್ಟೂ ಹುಳಿಯುತ್ತದೆ. ಅಂದರೆ ಸೊಸೆಯೇ ಮಾವನನ್ನು ಅಲ್ಲಿಗೆ ಕಳಿಸುತ್ತಿದ್ದಾಳೆ. ಕುಡಿಸಿ ದುಡಿಸಿಕೊಳ್ಳುತ್ತಿದ್ದಾಳೋ, ಅಥವಾ ಆ ಉಂಡಿಯೊಳಗೇ ಸಿಂದಿ ಹಾಕಿ ಕಲಸುತ್ತಾಳೋ? ಕೇಕಿಗೆ ಹೆಂಡ ಹಾಕುವವರಿದ್ದಾರೆ ಎಂದು ಎಲ್ಲೋ ಕೇಳಿದ್ದೆ. ಮಗುವಿನ ಮುಖದ ಹುಡುಗಿ, ಅತ್ತಿ ಅತ್ತಿ ಎಂದು ಬಾಯಿತುಂಬ ಕರೆಯುವವಳು. ತಲೆ ಕೆಟ್ಟು ಕೆರ ಹಿಡಿಯಿತು ನನಗೆ. ಮಗನಿಗೆ ಹೇಳಿದರೆ, "ಅವ್ವಾ, ನೀ ಸುಮ್ನ ಕೂಡು" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಅವನಿಗೂ ಗೊತ್ತಿರಬಹುದು ಎಂದು ಆಗ ಅವನ ಮೇಲೂ ಅನುಮಾನ ಬಂತು.

ಆ ವಾರವೇ ಹಿಂದಿನ ಓಣಿಯ ಮನೆಯೊಂದರಲ್ಲಿ ಹುಟ್ಟುಹಬ್ಬವಿತ್ತು. ಸಂಜೆಗೆ ಕಡ್ಡಿ ಚುಚ್ಚಿದ ಉಂಡಿಗಳನ್ನು ಕೊಡಬೇಕಿತ್ತು. ಬೆಳಿಗ್ಗೆಯಿಂದ ಸೊಸೆ ಆ ಕೋಣೆಯಿಂದ ಹೊರಬಂದಿರಲಿಲ್ಲ. ಊಟದ ಹೊತ್ತು ದಾಟಿತ್ತು, ನಾನು ಪಾತ್ರೆ ತೊಳೆಯುತ್ತಿದ್ದೆ. ಸಂದಿಯ ಬಾಗಿಲು ಕಿರ್ರೆಂದಿತು. ಇವರ ಚಪ್ಪಲಿಯ ಸದ್ದು. ಸೊಸೆ ಕೇಳಿದಳು:

"ತಂಪ ಐತೇನ್ರಿ ಮಾವಾರ?"

"ಒದ್ದಿ ಅರಿವಿ ಸುತ್ತಿ ತಂದೀನಿ," ಎಂದರು ಇವರು.

ಸಿಂದಿಯ ಗಡಿಗೆಗೆ ಒದ್ದೆ ಬಟ್ಟೆ ಸುತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟೇ, ನನ್ನ ತಾಳ್ಮೆ ಮುಗಿಯಿತು. ಕೈ ಒರೆಸಿಕೊಳ್ಳುವ ಎಚ್ಚರವೂ ಇಲ್ಲದೆ ಓಡಿದೆ. ಯಾವ ಹೊಸ್ತಿಲನ್ನು ದಾಟುವುದಿಲ್ಲ ಎಂದಿದ್ದೆನೋ ಅದನ್ನು ದಾಟಿ ಕೋಣೆಯ ನಡುವೆ ನಿಂತೆ. ತತ್ತಿಯ ಸಿಪ್ಪೆ ಕಾಲ ಹತ್ತಿರವೇ ಬುಟ್ಟಿಯಲ್ಲಿತ್ತು. ಅದರ ಕಡೆ ನನ್ನ ಲಕ್ಷ್ಯವೇ ಹೋಗಲಿಲ್ಲ.

"ತೋರಸ್ರಿ ಆ ಚೀಲಾ," ಎಂದೆ. "ನನ್ನ ಕಣ್ಣಿಗೆ ಮಣ್ಣ ಹಾಕೋದು ಸಾಕು. ಈ ಸಲ ಯಾವ ಗ್ವಾಡಿ ಕಟ್ಟಾಕತ್ತೀರಿ ಹೇಳ್ರಿ. ಮಗನ ತಲಿ ಮುಟ್ಟಿ ಆಣಿ ಮಾಡಿದ್ದು ಮರತ್ರೇನು? ಡಾಕ್ಟರ್ ಹೇಳಿದ್ದು ಮರತ್ರೇನು?" ಆಮೇಲೆ ಸೊಸೆಯ ಕಡೆ ತಿರುಗಿದೆ. "ನೀನು? ನಿನಗೂ ನಾಚಿಕಿಲ್ಲ? ಮಾವನ್ನ ಕಾಂಪೌಂಡಿಗೆ ಕಳಸ್ತಿ?"

ಇಬ್ಬರೂ ಕಲ್ಲಾಗಿ ನಿಂತರು. ನಾನು ಚೀಲ ಕಸಿದುಕೊಂಡೆ. ಅವರಿಗೂ ನನಗೂ ನಡುವಿದ್ದ ಮೇಜಿನ ಮೇಲೆ, ಬಿಸಿನೀರಿನ ಪಾತ್ರೆಯ ಮೇಲೆ ಒಂದು ಬೋಗುಣಿ ಕೂತಿತ್ತು, ಅದರಲ್ಲಿ ಕರಗಿದ ಚಾಕೊಲೇಟ್ ಹೊಳೆಯುತ್ತಿತ್ತು. ಅದರ ಮೇಲೆಯೇ ಕೈ ಚಾಚಿ ಚೀಲ ಎಳೆದೆ, ಒದ್ದೆ ಬಟ್ಟೆ ಬಿಚ್ಚಿದೆ, ಕಾಗದ ಹರಿದೆ. ಒಳಗಿದ್ದದ್ದು ಇಟ್ಟಿಗೆಯಷ್ಟು ಗಟ್ಟಿಯಾದ ಬಿಳಿ ಗಡ್ಡೆ. ಮೂಸಿ ನೋಡಿದೆ. ಹಾಲಿನ ವಾಸನೆ.

ಸೊಸೆ ನನ್ನ ಹತ್ತಿರ ಬಂದು ಹೊದಿಕೆಯ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟಳು. "ಓದ್ರಿ ಅತ್ತಿ. ವೈಟ್ ಕಾಂಪೌಂಡ್. ಹಚ್ಚೋ ಚಾಕ್ಲೇಟಿಗೆ ಕಾಂಪೌಂಡ್ ಅಂತಾರ್ರಿ. ಕರೇದು ಬ್ಯಾರೆ, ಬಿಳೇದು ಬ್ಯಾರೆ. ನೀವು ಏನ್ ತಿಳಕೊಂಡಿದ್ರಿ?"

ನಾನು ಆ ಗಡ್ಡೆಯನ್ನು ಇನ್ನೊಮ್ಮೆ ಮೂಸಿದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು, ಅರ್ಥವಾದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಇವರು ನಗಲಿಲ್ಲ. ಕುರ್ಚಿಯ ಮೇಲೆ ಕೂತು ನೆಲ ನೋಡುತ್ತಿದ್ದರು. ನಗುತ್ತ ನಗುತ್ತ ಸೊಸೆ ಬೋಗುಣಿಗೆ ಚಮಚ ಹಾಕಿದಳು, ನಗು ನಿಂತಿತು.

ನನ್ನ ಒದ್ದೆ ಕೈಯಿಂದ ನೀರು ಚಾಕೊಲೇಟಿಗೆ ಬಿದ್ದಿತ್ತು. ಕರಗಿದ ಚಾಕೊಲೇಟಿಗೆ ನೀರಿನ ಹನಿ ತಾಗಿದರೆ ಮುಗಿಯಿತಂತೆ, ನನಗೇನು ಗೊತ್ತು. ಹೊಳೆಯುತ್ತಿದ್ದದ್ದು ನೋಡನೋಡುತ್ತ ಗಂಟುಗಂಟಾಗಿ ಕೆಸರಿನ ಮುದ್ದೆಯಾಯಿತು. ಸೊಸೆ ಎಣ್ಣೆ ಹಾಕಿ ತಿರುವಿದಳು, ಬರಲಿಲ್ಲ. ಕೋಣೆಯಲ್ಲಿದ್ದ ಕರಿಯ ಕಾಂಪೌಂಡ್ ಎಲ್ಲ ಆ ಬೋಗುಣಿಯಲ್ಲೇ ಇತ್ತು, ಇವತ್ತು ತಂದದ್ದು ಮೇಲೆ ಗೆರೆ ಎಳೆಯಲು ಬೇಕಾದ ಬಿಳಿಯದು. ಫ್ರಿಜ್ಜಿನ ತುಂಬ ಕಡ್ಡಿ ಚುಚ್ಚಿದ ಉಂಡಿಗಳು ಬರಿಮೈಯಲ್ಲಿ ನಿಂತಿದ್ದವು. ಹುಡುಗಿಯ ಕಣ್ಣು ತುಂಬಿದವು, ಆದರೂ ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು ನನಗೆ.

ಇವರು ಎದ್ದು ಮತ್ತೆ ಚಪ್ಪಲಿ ಮೆಟ್ಟಿದರು. "ನಾ ತರತೀನಿ ಬಿಡವಾ," ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದರು. "ನೀನೂ ಬಾ."

ಆ ದನಿ ನನಗೆ ಹಿಡಿಸಲಿಲ್ಲ. ಮನೆಯೊಳಗೆ ಸೊಸೆಯ ಎದುರು ಬೈಯಬಾರದೆಂದು ಹೊರಗೆ ಕರೆಯುತ್ತಿದ್ದಾರೆ, ದಾರಿಯಲ್ಲಿ ಚೆನ್ನಾಗಿ ಮಂಗಳಾರತಿ ಇದೆ ಅಂದುಕೊಂಡೆ. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಏಪ್ರಿಲ್ಲಿನ ಬಿಸಿಲು, ಡಾಂಬರು ಮೆತ್ತಗಾಗಿತ್ತು. ವರ್ಕ್‌ಶಾಪುಗಳಿಂದ ಕಬ್ಬಿಣ ಕೊರೆಯುವ ಸದ್ದು ಬರುತ್ತಿತ್ತು. ಇವರು ಮುಂದೆ ಮುಂದೆ ನಡೆದರು. ಮಾರ್ಕೆಟ್ಟಿನ ಮೂಲೆಗೆ ಬಂದು ನಿಂತರು.

"ಎಡಕ್ಕ ಹೋದ್ರ ಅಂಗಡಿ ಇಲ್ಲೇ ಐತಿ," ಎಂದರು.

"ಹಂಗಾದ್ರ ನಡೀರಿ. ಹುಡುಗಿ ಕಾಯಾಕತ್ತಾಳ."

ಅವರು ಹೆಜ್ಜೆ ಎತ್ತಲಿಲ್ಲ. "ಆ ಓಣ್ಯಾಗ ಕಾಂಪೌಂಡ್ ಐತಿ. ನೀ ತಿಳಕೊಂಡಿದ್ದೆಲ್ಲ, ಆ ಕಾಂಪೌಂಡ್. ಅಂಗಡಿಗೆ ಹೋಗಬೇಕಂದ್ರ ಅದರ ಗೇಟಿನ ಮುಂದ ಹಾದು ಹೋಗಬೇಕು. ಅದಕ್ಕ ನಾ ಬಲಕ್ಕ ಹೋಗಿ, ದೊಡ್ಡ ರಸ್ತೆ ಸುತ್ತಿ, ಆ ಕಡಿಂದ ಅಂಗಡಿಗೆ ಬರತೀನಿ. ಬರೂವಾಗೂ ಹಂಗ. ನನಗ ತಡಾ ಆಗೋದು ಅದಕ್ಕ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಒಂದೂವರೆ ತಾಸು ಬೆವರು ಸುರಿಸಿಕೊಂಡು ಬಿಸಿಲಲ್ಲಿ ಸುತ್ತಿದ ಮನುಷ್ಯನ ಬೆನ್ನು ನೋಡಿ ನಾನು ಏನೇನು ಯೋಚಿಸಿದ್ದೆ. ರಸ್ತೆಯಲ್ಲೇ ಕಣ್ಣೀರು ಬಂತು.

"ತಪ್ಪಾತ್ರಿ," ಎಂದೆ. "ಇನ್ನ ಮ್ಯಾಲೆ ನಿಮ್ಮ ಮ್ಯಾಲೆ ಸಂಶಯ ಪಡಂಗಿಲ್ಲ. ಆಣಿ ಮಾಡಿ ಹೇಳತೀನಿ."

ಅವರು ಬೇಡವೆಂಬಂತೆ ತಲೆ ಅಲ್ಲಾಡಿಸಿದರು. ಖಾಲಿ ಚೀಲವನ್ನು ಮಡಚುತ್ತಾ, ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದರು. "ಮೊನ್ನಿ ನಾ ಈ ಓಣ್ಯಾಗ ಹೋಗಿದ್ದೆ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಅಂಗಡಿಯಿಂದ ಬರೂವಾಗ. ಕಾಲ ನೋಯಾಕತ್ತಿದ್ವು, ಇವತ್ತೊಂದಿನ ಹಿಂಗ ಹೋಗೂಣಂತ ಬಂದೆ. ಗೇಟ್ ಹಂತೇಕ ಬಂದ ಮ್ಯಾಲೆ ಮುಂದ ಹೋಗಾಕ ಆಗಲಿಲ್ಲ. ಭಾಳ ಹೊತ್ತ ನಿಂತೆ. ಒಳಗ ಗುರ್ತಿನವರು ಕುಂತಿದ್ರು, ಕರದ್ರು. ಕೈಯಾಗ ಚಾಕ್ಲೇಟ್ ಇತ್ತು. ನಿಂತಷ್ಟು ಹೊತ್ತೂ ಕರಗತೈತಿ, ಹುಡುಗಿ ಕಾಯತಿರತಾಳ ಅನಸ್ತು. ಅದೊಂದಕ್ಕ ಬಂದೆ. ನನ್ನ ಆಣಿ ನೆನಪಾಗಿ ಬರಲಿಲ್ಲ, ಖರೇ ಹೇಳತೀನಿ. ಮನಿಗೆ ಬಂದ ಮ್ಯಾಲೆ ಹೇಳಬೇಕಂದೆ. ಮಂದಿ ಎಲ್ಲಾ ನಾ ಪೂರಾ ಬಿಟ್ಟೀನಂತ ತಿಳಕೊಂಡಾರ. ಯಾರ ಮುಂದ ಹೇಳ್ಲಿ?"

ಅವರ ಬಾಯಿಂದ ಇಷ್ಟು ಮಾತು ಒಂದೇ ಸಲ ಬಂದದ್ದನ್ನು ನಾನು ಕೇಳಿರಲಿಲ್ಲ. ಎಡಗಡೆಯ ಓಣಿ ಸಾಮಾನ್ಯ ಓಣಿಯಂತೆಯೇ ಇತ್ತು. ಒಬ್ಬ ಹಣ್ಣಿನ ಬಂಡಿ ದೂಡಿಕೊಂಡು ಹೋಗುತ್ತಿದ್ದ.

"ನೀ ಇವತ್ತ ಓಡಿ ಬಂದು ಬೈದೆಲ್ಲ," ಎಂದರು. "ನನಗ ಸಿಟ್ಟ ಬರಲಿಲ್ಲ. ಒಬ್ಬಾಕಿಯಾದ್ರೂ ನನ್ನ ಕಾಯಾಕತ್ತಾಳ ಅನಸ್ತು. ಸಂಶಯ ಬಿಡಬ್ಯಾಡ ನೀ. ನೀನೂ ನಂಬಿಬಿಟ್ರ ನಾ ಒಳಗ ಹೋಗಿಬಿಡತೀನಿ."

ನಾನು ಅವರ ರಟ್ಟೆ ಹಿಡಿದುಕೊಂಡೆ. ಬಲಕ್ಕೆ ತಿರುಗಿ, ದೊಡ್ಡ ರಸ್ತೆ ಸುತ್ತಿ ಅಂಗಡಿಗೆ ಹೋದೆವು.